ಇಲ್ಲದ ಕೇಬಲ್ಲು ಕಿತ್ತ ಕಥೆ

ನಮ್ಮ ಮನೆಗೆ ಬೀಗರು ಬಂದರೆ ಎರಡು ದಿನ ಇರುತ್ತಾರೆ. ಕೈ ಹಿಡಿದು ಒತ್ತಾಯ ಮಾಡಿದರೆ ಮೂರು ದಿನ. ನನ್ನ ಲ್ಯಾಪ್‌ಟಾಪಿಗೆ ಬಂದ ಬೀಗರು ಮಾತ್ರ ಹೋದ ದೀಪಾವಳಿಗೆ ಬಂದವರು ಇನ್ನೂ ಚಪ್ಪಲಿ ಮೆಟ್ಟಿಲ್ಲ. ಅವರ ಹೆಸರು ವಿಂಡೋಸ್ ಎಕ್ಸ್‌ಪಿ. ಹುಟ್ಟಿದ್ದು 2001ರಲ್ಲಿ. 2014ರ ಏಪ್ರಿಲ್ 8ಕ್ಕೆ ಹೆತ್ತ ಕಂಪನಿಯೇ ‘ಇನ್ನು ಇವನ ಆರೈಕೆ ನಮ್ಮಿಂದಾಗದು’ ಎಂದು ಕೈ ತೊಳೆದುಕೊಂಡಿತು. ಅಂಥ ಮುದುಕಪ್ಪನನ್ನು ಕರೆತಂದು ಎಂಟು ಜಿಬಿಯ ಮನೆಯಲ್ಲಿ ಒಂದು ಜಿಬಿಯ ಕೋಣೆ ಬಿಟ್ಟುಕೊಟ್ಟದ್ದಕ್ಕೆ ಕಾರಣವಿದೆ.

ನಾನು ಮಸ್ಕಿಯವನು. ಮಾಸ್ತರಿಕೆ ಮುಗಿದದ್ದು ಸಿಂಧನೂರಿನಲ್ಲಿ, ಮನೆ ಕಟ್ಟಿದ್ದೂ ಅಲ್ಲೇ. ತಂಗಿಯನ್ನು ಕೊಟ್ಟದ್ದು ಲಿಂಗಸುಗೂರಿಗೆ. ಹೀಗಾಗಿ ನನ್ನ ಪ್ರಪಂಚವೆಂದರೆ 150ಎ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡು: ಈ ತುದಿಗೆ ಸಿಂಧನೂರು, ಆ ತುದಿಗೆ ಲಿಂಗಸುಗೂರು, ನಡುವೆ ಮಸ್ಕಿ. ಬಸ್ಸಿನಲ್ಲಿ ಕೂತರೆ ಒಂದು ಒಗ್ಗರಣಿ-ಮಿರ್ಚಿ ಅರಗುವುದರೊಳಗೆ ಈ ಪ್ರಪಂಚ ಮುಗಿಯುತ್ತದೆ.

ನೌಕರಿಯಲ್ಲಿದ್ದಾಗ ಹಳ್ಳಿ ಹಳ್ಳಿ ತಿರುಗಿ ಗಾದೆ, ಒಗಟು, ಹಂತಿ ಹಾಡು ಕೂಡಿಸಿ ಸುಮಾರು ಇನ್ನೂರು ಪುಟ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದೆ. ಆ ಕಂಪ್ಯೂಟರು ಒಂದು ಬೇಸಿಗೆಯ ಮಧ್ಯಾಹ್ನ ಕಣ್ಣು ಮುಚ್ಚಿತು. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆ, ಅದರ ತಪ್ಪೇನೂ ಇಲ್ಲ. ಡಿಸ್ಕು ಮಾತ್ರ ಬದುಕಿತ್ತು. ಅದರ ಕಡತಗಳನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಹಂತಿ ಹಾಡಿನ ಬದಲು ಕಂಡದ್ದು ರೋಮನ್ ಅಕ್ಷರಗಳ ದಿಂಡಿ: ಒಂದರ ತಲೆಗೆ ಟೋಪಿ, ಇನ್ನೊಂದರ ನೆತ್ತಿಗೆ ಎರಡು ಚುಕ್ಕೆ, ಮತ್ತೊಂದಕ್ಕೆ ಬಾಲ. ಹಳೆಯ ನುಡಿ ಕನ್ನಡವನ್ನು ಯೂನಿಕೋಡಿನಲ್ಲಿ ಇಡುತ್ತಿರಲಿಲ್ಲ. ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇರಿಸಿತ್ತು. ಆ ಅಕ್ಷರಶೈಲಿ ಎದುರಿಗಿಲ್ಲದಿದ್ದರೆ ಮನೆಯ ಮಾಲೀಕರೇ ಕಾಣುತ್ತಾರೆ, ಬಾಡಿಗೆಯವರು ಕಾಣುವುದಿಲ್ಲ. ಪರಿವರ್ತಕ ಹಾಕಿದರೆ ಕನ್ನಡ ಬರುತ್ತದೆ, ಆದರೆ ಅರ್ಕಾವತ್ತು ಅತ್ತಿತ್ತ ಹೋಗಿ ‘ಸೂರ್ಯ’ನಿಗೆ ಗ್ರಹಣ ಹಿಡಿಯುತ್ತದೆ. ಮೂಲ ಪುಟ ಎದುರಿಗಿಟ್ಟುಕೊಂಡು ತಾಳೆ ನೋಡಲೇಬೇಕು. ಮೂಲ ಪುಟ ಕಾಣಲು ಹಳೆಯ ನುಡಿ ಬೇಕು. ಹಳೆಯ ನುಡಿಗೆ ಹಳೆಯ ಎಕ್ಸ್‌ಪಿಯೇ ಬೇಕೆಂಬ ಹಟ ನನ್ನದು.

ಲಿಂಗಸುಗೂರಿನಿಂದ ಅಳಿಯ ಬಂದ. ತಂಗಿಯ ಮಗ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುವವನು. ಮೇಲೆ ಅಂಗಿ ಇಸ್ತ್ರಿ, ಕೆಳಗೆ ಲುಂಗಿ. ಎಲ್ಲ ಕೇಳಿಸಿಕೊಂಡು ಹೇಳಿದ:

“ಮಾಮಾ, ಹೊಸ ಕಂಪ್ಯೂಟರ್ ಒಳಗ ಒಂದು ಹಳೇ ಕಂಪ್ಯೂಟರ್ ಕೂಡ್ರಸ್ತೀನಿ, ನೋಡ್ತಿರ್ರಿ.”

“ಒಳಗ ಅಂದ್ರ? ಜಾಗ ಎಲ್ಲೈತೋ?”

“ಜಾಗ ಬ್ಯಾಡ್ರಿ. ಅದು ಇಲ್ಲ. ತಾನು ಇದೀನಿ ಅಂತ ಅದಕ್ಕ ಅನ್ನಿಸ್ತೈತಿ, ಅಷ್ಟ.”

ಶೂನ್ಯ ಸಿಂಹಾಸನದ ಎದುರು ನಿಂತಂತಾಯಿತು ನನಗೆ. ಅವನು ಹೇಳಿದ್ದು ಮಾತ್ರ ಸರಳ. ನಿಜವಾದ ಯಂತ್ರಕ್ಕೆ ಹೋಸ್ಟ್ ಎನ್ನುತ್ತಾರೆ, ಅಂದರೆ ಮನೆಯವರು. ಒಳಗಿನ ವರ್ಚುವಲ್ ಯಂತ್ರಕ್ಕೆ ಗೆಸ್ಟ್, ಅಂದರೆ ಬೀಗರು. ಇಬ್ಬರ ನಡುವೆ ನಿಂತು ಉಪಚಾರ ನೋಡಿಕೊಳ್ಳುವ ತಂತ್ರಾಂಶಕ್ಕೆ ಹೈಪರ್‌ವೈಸರ್. ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಐಬಿಎಂ ಕಂಪನಿ 1960ರ ದಶಕದಲ್ಲೇ ಒಂದು ದೊಡ್ಡ ಯಂತ್ರವನ್ನು ಹಲವರಿಗೆ ಹಲವು ಯಂತ್ರಗಳೆಂದು ನಂಬಿಸುವುದನ್ನು ಕಲಿತಿತ್ತು. 1972ರಲ್ಲಿ ಅದನ್ನು ವಿಎಂ/370 ಎಂಬ ಹೆಸರಿನಲ್ಲಿ ಗ್ರಾಹಕರಿಗೂ ಕೊಟ್ಟಿತು. ಅಳಿಯ ಹಾಕಿದ್ದು ವರ್ಚುವಲ್‌ಬಾಕ್ಸ್, 2007ರಲ್ಲಿ ಬಂದದ್ದು, ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಎಂದ ಮೇಲೆ ನಾನು ಹೆಚ್ಚು ಪ್ರಶ್ನೆ ಕೇಳಲಿಲ್ಲ.

ಬೀರುವಿನಲ್ಲಿದ್ದ ಹಳೆಯ ಸಿಡಿ ಹಾಕಿ ಎಕ್ಸ್‌ಪಿಯನ್ನು ಕೂರಿಸಿದ್ದಾಯಿತು. ಹಸಿರು ಗುಡ್ಡ, ನೀಲಿ ಆಕಾಶದ ಆ ಪರದೆ ಕಂಡಾಗ ನನ್ನ ಹೆಂಡತಿಯೂ ಒಲೆ ಸಣ್ಣ ಮಾಡಿ ಬಂದು ನೋಡಿದಳು. ಅಳಿಯ ಡಿಸ್ಕಿನ ಕಡತಗಳಿಗೆ ಸಿಡಿಯ ರೂಪ ಕೊಟ್ಟು ಒಳಗೆ ದಾಟಿಸಿದ. ನುಡಿ ತೆರೆಯಿತು, ಹಂತಿ ಹಾಡು ಹಾಡಿತು. ಒಂದು ವಾರ ತಾಳೆ ನೋಡಿ, ತಿದ್ದಿ, ಅಚ್ಚುಕಟ್ಟು ಮಾಡಿದೆ. ತಿದ್ದಿದ ಪುಟಗಳನ್ನು ಒಳಗಿನ ಯಂತ್ರದಿಂದ ಹೊರಗಿನ ಯಂತ್ರಕ್ಕೆ ತರುವ ಹೊತ್ತಿಗೆ ನನ್ನ ಪಾಠ ಶುರುವಾಯಿತು. ಎರಡೂ ಒಂದೇ ಡಬ್ಬಿಯಲ್ಲಿದ್ದರೂ ಒಂದಕ್ಕೊಂದು ಪರಿಚಯವಿರಲಿಲ್ಲ.

“ಮೊದ್ಲು ಅದಕ್ಕೊಂದು ನೆಟ್‌ವರ್ಕ್ ಕಾರ್ಡ್ ಬೇಕು ಮಾಮಾ.”

“ಸಿಂಧನೂರಾಗ ಸಿಗ್ತೈತೇನು?”

ಅವನು ನಕ್ಕ. ಆ ಕಾರ್ಡು ಕೂಡ ಇಲ್ಲದ್ದೇ. ಆದರೆ ಇಲ್ಲದ ಕಾರ್ಡಿಗೂ ಕಂಪನಿ ಇದೆ, ಮಾಡೆಲ್ ಇದೆ! ಪಟ್ಟಿ ತೆರೆದರೆ ಎಎಂಡಿ ಪಿಸಿನೆಟ್, ಇಂಟೆಲ್ ಪ್ರೊ/1000 ಎಂದೆಲ್ಲ ಹೆಸರು. ಎಕ್ಸ್‌ಪಿಗೆ ತನ್ನ ಕಾಲದ ಕಾರ್ಡುಗಳಷ್ಟೇ ಗೊತ್ತು. ಹೊಸ ಮಾದರಿ ಕೊಟ್ಟರೆ ಗುರುತು ಹಿಡಿಯುವುದಿಲ್ಲ. ಹೊಸ ನೋಟು ಕಂಡರೆ ತಿರುಗಿಸಿ ಮುರುಗಿಸಿ ನೋಡುವ ನಮ್ಮ ದೊಡ್ಡಪ್ಪನ ಹಾಗೆ. ಅದಕ್ಕಾಗಿ ಪಿಸಿನೆಟ್ ಆರಿಸಿದ. ಇಲ್ಲದ ಕಾರ್ಡನ್ನು ಇಲ್ಲದ ಯಂತ್ರಕ್ಕೆ ಚುಚ್ಚಿದ ತಕ್ಷಣ ಮೂಲೆಯಲ್ಲಿ ಹಳದಿ ಗುಳ್ಳೆ ಎದ್ದು ‘ಹೊಸ ಸಾಮಾನು ಸಿಕ್ಕಿದೆ’ ಎಂದು ಎಕ್ಸ್‌ಪಿ ಹಿಗ್ಗಿತು.

ಪ್ರತಿ ಕಾರ್ಡಿಗೂ ಹುಟ್ಟಿನಿಂದ ಬಂದ ಒಂದು ಹೆಸರುಂಟು: ಎಂಎಸಿ ವಿಳಾಸ. ಎರಡೆರಡು ಅಂಕಿ-ಅಕ್ಷರಗಳ ಆರು ಜೋಡಿ. ಮೊದಲ ಮೂರು ಜೋಡಿ ಮನೆತನದ ಹೆಸರು, ಉಳಿದ ಮೂರು ಸ್ವಂತದ್ದು. ವರ್ಚುವಲ್‌ಬಾಕ್ಸಿನ ಮನೆತನ 08:00:27. ವಿಎಂವೇರ್ ಎಂಬ ಇನ್ನೊಂದು ಮನೆಯವರದು 00:50:56. ಜಾತಕ ಬಲ್ಲವರು ಈ ಅಂಕಿ ನೋಡಿಯೇ ‘ಇದು ಹಾಡಿನಲ್ಲಷ್ಟೇ ಇರುವ ಕೂಸು, ತೊಟ್ಟಿಲಲ್ಲಿ ಇಲ್ಲ’ ಎಂದು ಹೇಳಬಲ್ಲರು. ಇದರ ಮೇಲೆ ಐಪಿ ವಿಳಾಸ ಬೇರೆ. ಅದು ಹುಟ್ಟಿನಿಂದ ಬಂದದ್ದಲ್ಲ. ಸೇರಿದ ಜಾಲದವರು ಕೊಟ್ಟದ್ದು, ಜಾಲ ಬಿಟ್ಟರೆ ಹೋಗುವಂಥದ್ದು.

“ಒಂದು ಯಂತ್ರಕ್ಕ ಎರಡು ಹೆಸರು ಯಾಕೋ?” ಎಂದೆ. ಕೇಳಿದವನು ಮಸ್ಕಿಯವನು! ನಾಚಿಕೆಯಾಯಿತು.

ನಮ್ಮೂರಿನ ಗುಡ್ಡದ ಬಂಡೆಯ ಮೇಲೆ ಮೌರ್ಯ ಚಕ್ರವರ್ತಿಯ ಶಾಸನವಿದೆ. ಭರತಖಂಡದ ಉದ್ದಗಲಕ್ಕೆ ಕಲ್ಲು, ಕಂಬಗಳ ಮೇಲೆ ಬರೆಸಿದ ಆ ದೊರೆ ತನ್ನನ್ನು ಕರೆದುಕೊಂಡದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದು. 1837ರಲ್ಲಿ ಬ್ರಾಹ್ಮಿ ಲಿಪಿ ಓದಿದ ಜೇಮ್ಸ್ ಪ್ರಿನ್ಸೆಪ್ ಮೊದಮೊದಲು ಈತ ಸಿಂಹಳದ ಅರಸನಿರಬೇಕೆಂದುಕೊಂಡಿದ್ದ, ಯಾಕೆಂದರೆ ಅದೇ ಬಿರುದಿನ ರಾಜ ಅಲ್ಲಿಯೂ ಇದ್ದ. ಅದೇ ವರ್ಷ ಟರ್ನರ್ ಎಂಬ ಪಂಡಿತ ಸಿಂಹಳದ ಗ್ರಂಥಗಳಿಂದ ಪ್ರಿಯದರ್ಶಿಯೆಂದರೆ ಅಶೋಕನೆಂದು ತೋರಿಸಿದನಾದರೂ ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಬಂಡೆಯನ್ನು ಕಂಡ. ಚಿನ್ನ ಹುಡುಕಿ ಬಂದವನಿಗೆ ಸಿಕ್ಕಿದ್ದು ಹೆಸರು. ಬಿರುದಿನ ಜೊತೆಗೇ ‘ಅಶೋಕ’ ಎಂದು ಅಲ್ಲಿ ಕೆತ್ತಿತ್ತು. ಆಮೇಲೆ ಮಧ್ಯಪ್ರದೇಶದ ಗುಜ್ಜರ, ನಮ್ಮ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಮೊದಲು ಸಿಕ್ಕಿದ ಗೌರವ ನಮ್ಮದು.

ಐಪಿ ಎಂದರೆ ಬಿರುದು, ಎಂಎಸಿ ಎಂದರೆ ಹೆಸರು. ದೂರದವರು ಬಿರುದು ಹಿಡಿದು ಹುಡುಕುತ್ತಾರೆ. ಪತ್ರ ಊರು ಮುಟ್ಟಿದ ಮೇಲೆ ಓಣಿಯಲ್ಲಿ ನಿಂತು ‘ಈ ಬಿರುದು ಯಾರದ್ರೀ?’ ಎಂದು ಕೂಗಬೇಕು. ಆ ಬಿರುದಿನವನು ಮಾತ್ರ ‘ನಂದು, ನನ್ನ ಹೆಸರು ಇಂಥದು’ ಎಂದು ಓಗೊಡಬೇಕು. ಜಾಲದವರು ಈ ಕೂಗಿಗೆ ಎಆರ್‌ಪಿ ಎನ್ನುತ್ತಾರೆ. ಇತಿಹಾಸದಲ್ಲಿ ಈ ಕೂಗಿಗೆ ಎಪ್ಪತ್ತೆಂಟು ವರ್ಷ ತಡವಾಗಿ ಓಗೊಟ್ಟದ್ದು ಮಸ್ಕಿಯ ಬಂಡೆ.

ಒಂದು ಹೆಸರು ಒಬ್ಬರಿಗೇ ಇರಬೇಕೆಂಬುದೂ ಅಂದೇ ತಿಳಿಯಿತು. ಮುಂಜಾಗ್ರತೆಗೆಂದು ನಾನು ಎಕ್ಸ್‌ಪಿಯ ಒಂದು ಪ್ರತಿ ಮಾಡಿಟ್ಟಿದ್ದೆ, ಹುಟ್ಟಿನ ಹೆಸರೂ ಬದಲಾಗದಂತೆ. ಎರಡನ್ನೂ ಒಟ್ಟಿಗೆ ಬೀದಿಗೆ ಬಿಟ್ಟಿದ್ದರೆ ಪತ್ರ ಒಮ್ಮೆ ಇವನಿಗೆ, ಒಮ್ಮೆ ಅವನಿಗೆ. ಅಳಿಯ ಗದರಿದ: “ನಕಲು ಮಾಡುವಾಗ ಹೊಸ ಎಂಎಸಿ ಕೊಡ್ಲೇನು ಅಂತ ಅದ ಕೇಳ್ತೈತಿ ಮಾಮಾ. ನೀವು ಓದ್ಲಿಲ್ಲ.” ಮೂವತ್ತು ವರ್ಷ ಹುಡುಗರಿಗೆ ‘ಪ್ರಶ್ನೆ ಸರಿಯಾಗಿ ಓದ್ರೋ’ ಎಂದು ಬೈದ ಬಾಯಿ ಮುಚ್ಚಿಕೊಂಡಿತು.

ಇನ್ನು ಆ ಕಾರ್ಡಿಗೆ ಹೊರಹೋಗುವ ಬಾಗಿಲು ಬೇಕು. ಮೊದಲು ತೆರೆದದ್ದು ನ್ಯಾಟ್ ಎಂಬ ಬಾಗಿಲು. ಇದನ್ನು ಅಳಿಯ ಹೇಳಿದ್ದಕ್ಕಿಂತ ಚೆನ್ನಾಗಿ ನನಗೆ ತಿಳಿಸಿದವಳು ಎಂದೋ ತೀರಿಕೊಂಡ ನನ್ನ ಅಜ್ಜಿ.

ಮಸ್ಕಿಯ ನಮ್ಮ ಹಳೆಯ ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರ ನಾಲ್ಕು ಒಲೆ, ತಲಬಾಗಿಲು ಒಂದೇ. ಅದರ ಪಕ್ಕದ ಕಟ್ಟೆಯ ಮೇಲೆ ಅಜ್ಜಿ. ಒಳಗಿನ ಯಾವ ಸೊಸೆಗೆ ಏನು ಬೇಕಿದ್ದರೂ ಅಜ್ಜಿಗೆ ಹೇಳಬೇಕು. ಒಬ್ಬಳಿಗೆ ಬೆಲ್ಲ, ಒಬ್ಬಳಿಗೆ ಸೀಮೆಎಣ್ಣೆ, ಒಬ್ಬಳಿಗೆ ಸೂಜಿ. ಅಜ್ಜಿ ಪ್ರತಿಯೊಂದಕ್ಕೂ ಸೆರಗಿನ ತುದಿಗೆ ಒಂದು ಗಂಟು ಹಾಕಿ ಹುಡುಗನನ್ನು ಅಂಗಡಿಗೆ ಅಟ್ಟುತ್ತಿದ್ದಳು. ಅಂಗಡಿಯ ಶೆಟ್ಟರಿಗೆ ಗೊತ್ತಿದ್ದುದು ಒಂದೇ ಹೆಸರು, ಅಜ್ಜಿಯದು. ಅವರ ಖಾತೆಯಲ್ಲಿ ಎಲ್ಲ ಬೆಲ್ಲವನ್ನೂ ಅಜ್ಜಿಯೇ ತಿಂದದ್ದು, ಎಲ್ಲ ಸೀಮೆಎಣ್ಣೆಯನ್ನೂ ಅಜ್ಜಿಯೇ ಸುಟ್ಟದ್ದು. ಸಾಮಾನು ಬಂದ ಮೇಲೆ ಗಂಟು ನೋಡಿ ಯಾರದು ಯಾರಿಗೆ ಎಂದು ಹಂಚಿ, ಆ ಗಂಟು ಬಿಚ್ಚುತ್ತಿದ್ದಳು. ಬಹಳ ಹೊತ್ತಾದರೂ ಬಾರದಿದ್ದರೂ ಬಿಚ್ಚುತ್ತಿದ್ದಳು: “ಇನ್ನ ಬರಾಂಗಿಲ್ಲ ತೊಗೋ.” ಯಾರೂ ಕರೆಯದೆ ತಾನಾಗಿ ಬಂದವನು ಕಟ್ಟೆ ದಾಟುವಂತಿರಲಿಲ್ಲ. “ಯಾರು ಬೇಕ್ರೀ?” ಎಂಬ ಅವಳ ಪ್ರಶ್ನೆಗೆ ಬಳೆಗಾರನೂ ಬೆವರುತ್ತಿದ್ದ.

ನ್ಯಾಟ್ ಎಂದರೆ ಇಷ್ಟೇ. ಒಳಗಿನ ಯಂತ್ರ ಹೊರಗೆ ಕೇಳಬಹುದು. ಹೊರಗೆ ಕಾಣುವುದು ಮನೆಯವರ ವಿಳಾಸ ಮಾತ್ರ. ಉತ್ತರ ಬಂದಾಗ ಪೋರ್ಟ್ ಸಂಖ್ಯೆ ನೋಡಿ ಒಳಗೆ ಹಂಚುತ್ತಾರೆ. ಆ ಪೋರ್ಟೇ ಅಜ್ಜಿಯ ಗಂಟು. ಅವಳ ಸೆರಗಿಗೆ ಏಳೆಂಟು ಗಂಟು ಹಿಡಿಸುತ್ತಿದ್ದವು. ಇವರ ಸೆರಗಿಗೆ 65,535. ವರ್ಚುವಲ್‌ಬಾಕ್ಸಿನ ಈ ಬಾಗಿಲಲ್ಲಿ ಬೀಗರಿಗೆ ಸಿಗುವ ವಿಳಾಸ ಸಾಮಾನ್ಯವಾಗಿ 10.0.2.15, ತಲಬಾಗಿಲು 10.0.2.2. ನನ್ನ ನಕಲು ಎಕ್ಸ್‌ಪಿಯನ್ನೂ ಇದೇ ಬಾಗಿಲಿಗೆ ಕೂರಿಸಿ ನೋಡಿದೆವು. ಅದಕ್ಕೂ 10.0.2.15! ಜಗಳವಾಗಲಿಲ್ಲ, ಯಾಕೆಂದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಅಜ್ಜಿ, ಒಬ್ಬರ ಅಡಿಗೆಮನೆ ಒಬ್ಬರಿಗೆ ಕಾಣದು.

ಹತ್ತರಿಂದ ಶುರುವಾಗುವ ಈ ವಿಳಾಸಗಳೆಂದರೆ ‘ಬಸ್ ಸ್ಟ್ಯಾಂಡ್ ಹಿಂದಿನ ಓಣಿ, ಹನುಮಪ್ಪನ ಗುಡಿ ಹತ್ತಿರ’ ಎಂಬ ನಮ್ಮ ವಿಳಾಸಗಳಂತೆ. ಸಿಂಧನೂರಿನಲ್ಲೂ ಇದೆ, ಮಸ್ಕಿಯಲ್ಲೂ ಇದೆ, ಲಿಂಗಸುಗೂರಿನಲ್ಲೂ ಇದೆ. ಆಯಾ ಊರೊಳಗೆ ನಡೆಯುತ್ತದೆ, ಊರಾಚೆಗೆ ಅರ್ಥವಿಲ್ಲ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಇರುವುದೇ 429 ಕೋಟಿ 49 ಲಕ್ಷದಷ್ಟು. ಫೋನು, ಟಿವಿ, ಕ್ಯಾಮೆರಾ ಎಲ್ಲಕ್ಕೂ ಒಂದೊಂದು ಕೊಟ್ಟರೆ ಸಾಲವು. ಅದಕ್ಕೆಂದೇ 1996ರಲ್ಲಿ 10ರಿಂದ, 192.168ರಿಂದ ಶುರುವಾಗುವ ಹಾಗೂ 172ರ ಕೆಲವು ಸಾಲುಗಳನ್ನು ‘ಮನೆಯೊಳಗೆ ಯಾರು ಬೇಕಾದರೂ ಬಳಸಿ, ಬೀದಿಗೆ ತರಬೇಡಿ’ ಎಂದು ಬಿಟ್ಟುಕೊಟ್ಟರು.

ಎಕ್ಸ್‌ಪಿ ಹೀಗೆ ಪೇಟೆಗೆ ಹೊರಟಿತು. ಬಾಗಿಲೇನೋ ದಾಟಿತು, ಆದರೆ ಯಾವ ಅಂಗಡಿಯವರೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊಸ ಜಾಲತಾಣಗಳು ಕೇಳುವ ಗೂಢಲಿಪಿ ಅದಕ್ಕೆ ಬಾರದು. 2016ರ ನವೆಂಬರ್ ಆದ ಮೇಲೆ ಹಳೆಯ ಐನೂರರ ನೋಟು ಹಿಡಿದು ಸಂತೆಗೆ ಹೋದವನ ಪಾಡು. ಇನ್ನೊಂದು ತೊಡಕೂ ಇತ್ತು. ಅಳಿಯ ಅಂಕಿಯ ವಿಳಾಸ ಕೊಟ್ಟು ಕರೆದರೆ ದೂರದ ಯಂತ್ರ ‘ಓ’ ಅನ್ನುತ್ತಿತ್ತು. ಹೆಸರು ಹಿಡಿದು ಕರೆದರೆ ಮೌನ. “ಡಿಎನ್‌ಎಸ್ ತಪ್ಪೈತಿ,” ಎಂದ. ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ವ್ಯವಸ್ಥೆ ಅದು. ಬಸ್ಸಿನ ಬೋರ್ಡಿನ ಮೇಲೆ ‘ಲಿಂಗಸುಗೂರು’, ಕಂಡಕ್ಟರನ ಬಾಯಲ್ಲಿ ‘ಲಿಂಗಸೂರು’, ಎರಡೂ ಒಂದೇ ಎಂದು ನಮಗೆ ಗೊತ್ತು. ಪರಸ್ಥಳದವನೊಬ್ಬ ಲಿಂಗಸುಗೂರಿನ ಬಸ್ಸಿಗಾಗಿ ಕಾಯುತ್ತ ಎರಡು ಲಿಂಗಸೂರಿನ ಬಸ್ಸು ಬಿಟ್ಟದ್ದನ್ನು ನಾನೇ ಸಿಂಧನೂರಿನ ನಿಲ್ದಾಣದಲ್ಲಿ ಕಂಡಿದ್ದೇನೆ. ಬಸ್ಸಿತ್ತು, ದಾರಿಯಿತ್ತು, ಟಿಕೇಟಿಗೆ ದುಡ್ಡಿತ್ತು, ಇಲ್ಲದ್ದು ಡಿಎನ್‌ಎಸ್.

ಬೀಗರು ಹೊರಗೆ ಹೋಗಿ ಬರಬಹುದಾಯಿತು. ನನಗೆ ಬೇಕಿದ್ದುದು ನಾನು ಬೀಗರ ಕೋಣೆಗೆ ಹೋಗುವುದು. ನ್ಯಾಟಿನಲ್ಲಿ ಅದಾಗದು, ಅಜ್ಜಿ ನನ್ನನ್ನೂ ‘ಯಾರು ಬೇಕ್ರೀ?’ ಎನ್ನುತ್ತಾಳೆ. ಬೇಕಾದರೆ ಪೋರ್ಟ್ ಫಾರ್ವರ್ಡಿಂಗ್ ಮಾಡಬಹುದಂತೆ, ಅಂದರೆ ‘ಇಂಥ ಗಂಟಿನವರು ಬಂದರೆ ಇಂಥ ಕೋಣೆಗೆ ಬಿಡು’ ಎಂದು ಮೊದಲೇ ಹೇಳಿಡುವುದು. ಲಿಂಗಸುಗೂರು ತಾಲ್ಲೂಕಿನಲ್ಲೇ ಇರುವ ಮುದಗಲ್ಲಿನ ಕೋಟೆಗಾಗಿ ವಿಜಯನಗರದವರೂ ಬಹಮನಿಯವರೂ ತಲೆತಲಾಂತರ ಹೊಡೆದಾಡಿದರು. ಅಂಥ ಕೋಟೆಗಳ ಎತ್ತರದ ಹೆಬ್ಬಾಗಿಲ ಹಲಗೆಯಲ್ಲಿ ಒಬ್ಬನೇ ಬಗ್ಗಿ ನುಗ್ಗುವಷ್ಟು ದಿಡ್ಡಿ ಬಾಗಿಲು ಕೊರೆದಿರುತ್ತಾರಲ್ಲ, ಅದೇ ಇದು. ಆದರೆ ನನ್ನ ಕೆಲಸಕ್ಕೆ ದಿಡ್ಡಿ ಬಾಗಿಲು ಕೊರೆಯುವುದು ಅಳಿಯನಿಗೆ ಬೇಡವೆನಿಸಿತು. ನಾನು ಅವಸರ ಮಾಡಿದೆ. ಅವನು ಊಟಕ್ಕೆ ಕೂತಾಗ ನಾನೇ ಪಟ್ಟಿಯಲ್ಲಿ ಇನ್ನೊಂದು ಹೆಸರು ಒತ್ತಿಬಿಟ್ಟೆ: ಬ್ರಿಜ್ಡ್.

ಬ್ರಿಜ್ ಎಂದರೆ ಸೇತುವೆ. ಬೀಗರ ಕೋಣೆಗೆ ಬೀದಿಯ ಕಡೆ ಸ್ವಂತ ಬಾಗಿಲು ಇಟ್ಟುಕೊಟ್ಟಂತೆ. ಆಗ ಅವರು ಬೀಗರಲ್ಲ, ಓಣಿಯ ಕುಳವೇ. ಮನೆಯ ರೂಟರು ನನ್ನ ಲ್ಯಾಪ್‌ಟಾಪಿಗೆ, ಹೆಂಡತಿಯ ಫೋನಿಗೆ, ಟಿವಿಗೆ ಕೊಟ್ಟ ಹಾಗೆಯೇ ಎಕ್ಸ್‌ಪಿಗೂ ಒಂದು 192.168ರ ವಿಳಾಸ ಕೊಡಬೇಕು. ಕೊಡುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಸೋಮಲಾಪುರದ ಅಂಬಾದೇವಿ ಜಾತ್ರೆಯಲ್ಲಿ ಬೆಂಡು-ಬತ್ತಾಸಿನವರಿಗೆ, ಬಳೆಯವರಿಗೆ, ತೊಟ್ಟಿಲಿನವರಿಗೆ ಇಷ್ಟಿಷ್ಟು ಜಾಗ ಎಂದು ಹಂಚಿದಂತೆ. ಜಾಗ ಜಾತ್ರೆ ಇರುವ ತನಕ. ಅವಧಿ ಮುಗಿದರೆ ಮತ್ತೆ ಕೇಳಿಕೊಳ್ಳಬೇಕು, ಇಲ್ಲವೇ ಬೇರೆಯವರ ಪಾಲು. ವಿಳಾಸದ ಈ ಅವಧಿಗೆ ಅವರು ಲೀಸ್ ಎನ್ನುತ್ತಾರೆ. ನಮ್ಮ ಗದ್ದೆಯ ಲೀಸಿನವರಂತೆ ತಕರಾರು ತೆಗೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮದು ವೈಫೈ ಮನೆ. ವೈಫೈ ಪೆಟ್ಟಿಗೆಯ ಸ್ವಭಾವ ಸ್ವಲ್ಪ ಬಿಗಿ: ತನ್ನಲ್ಲಿ ಹೆಸರು ನೋಂದಾಯಿಸಿದ ಕಾರ್ಡಿನ ಮಾತನ್ನು ಮಾತ್ರ ಕೇಳುತ್ತದೆ. ಒಂದು ಟಿಕೇಟಿಗೆ ಇಬ್ಬರು ಕೂತರೆ ಕಂಡಕ್ಟರ್ ಹೇಗೆ ನೋಡುತ್ತಾನೋ ಹಾಗೆ ಲ್ಯಾಪ್‌ಟಾಪಿನ ಬೆನ್ನೇರಿ ಬಂದ ಇನ್ನೊಂದು ಹೆಸರನ್ನು ನೋಡುತ್ತದೆ. ಹೈಪರ್‌ವೈಸರ್ ನಡುವೆ ನಿಂತು ಹೆಸರು ಅದಲುಬದಲು ಮಾಡಿ ಹೇಗೋ ಸಂಭಾಳಿಸುತ್ತದೆ. ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ. ತಂತಿಯಾದರೆ ಈ ರಗಳೆಯಿಲ್ಲ. ನಮ್ಮಲ್ಲಿ ದುರದೃಷ್ಟಕ್ಕೆ ನಡೆಯಿತು. “ಅಳಿಯಾ, ಬೀಗರು ಬೀದಿಗೆ ಬಂದ್ರು ನೋಡು!” ಎಂದು ಕೂಗಿದೆ.

ಅವನು ಊಟ ಬಿಟ್ಟು ಎದ್ದು ಬಂದ. ಕೈಯಲ್ಲಿದ್ದ ರೊಟ್ಟಿಯ ಸಮೇತ ಬಂದು ಎಡಗೈಯಿಂದ ಎಕ್ಸ್‌ಪಿಯನ್ನು ಆರಿಸಿದ.

“ಮಾಮಾ, ಅದು 2014ರ ನಂತರ ಒಂದು ಸೂಜಿಮದ್ದೂ ಮಾಡಿಸಿಕೊಂಡಿಲ್ಲ. ಜಡ್ಡಿನ ಸಂತಿಯೊಳಗ ಬಿಟ್ಟೀರಲ್ರಿ!”

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಕಡತ ಹಂಚಿಕೊಳ್ಳುವ ಹಳೆಯ ಭಾಷೆಯೊಂದರ ಬಿರುಕಿನಿಂದ ಜಗತ್ತಿನ ಕಂಪ್ಯೂಟರುಗಳಿಗೆ ಹಬ್ಬಿದಾಗ, ಕೈ ತೊಳೆದುಕೊಂಡಿದ್ದ ಮೈಕ್ರೋಸಾಫ್ಟ್ ಕೂಡ ಕನಿಕರಪಟ್ಟು ಎಕ್ಸ್‌ಪಿಗೆ ಒಂದು ತೇಪೆ ಕೊಟ್ಟಿತ್ತು. ನನ್ನ ಎಕ್ಸ್‌ಪಿ ಅದನ್ನೂ ಹಚ್ಚಿಕೊಂಡದ್ದಲ್ಲ. ಬೀರುವಿನಿಂದ ನೇರ ಬೀದಿಗೆ ಬಂದದ್ದು.

ಉಳಿದದ್ದು ಮೂರನೆಯ ಬಾಗಿಲು, ಹೋಸ್ಟ್-ಓನ್ಲಿ. ಇದು ಪಡಸಾಲೆಯಿಂದ ಬೀಗರ ಕೋಣೆಗಿರುವ ಒಳಬಾಗಿಲು. ಮನೆಯವರು, ಬೀಗರು ಮಾತಾಡಬಹುದು, ಬೀದಿಯ ಸಂಬಂಧವಿಲ್ಲ. ಇದರ ನಡುವೆ ಒಂದು ಇಲ್ಲದ ಸ್ವಿಚ್ ಕೂತಿರುತ್ತದೆ. ಊರಿಗೆ ಹೊಸದಾಗಿ ಬಂದ ಪೋಸ್ಟ್‌ಮನ್ ಮೊದಲ ದಿನ ಎಲ್ಲ ಬಾಗಿಲಲ್ಲೂ ಕೂಗಿ, ಯಾವ ಪತ್ರ ಯಾವ ಬಾಗಿಲಿಂದ ಬಂತು ಎಂದು ನೆನಪಿಟ್ಟು, ಮರುದಿನದಿಂದ ನೇರ ಅದೇ ಬಾಗಿಲಿಗೆ ಹೋಗುವ ಹಾಗೆ ಅದರ ಕೆಲಸ. ಮನೆಯವರಿಗೆ 192.168.56.1, ಬೀಗರಿಗೆ ಅದರ ಮುಂದಿನದೊಂದು.

ಇನ್ನೂ ಒಂದು ಬಗೆಯಿದೆ, ಇಂಟರ್ನಲ್ ನೆಟ್‌ವರ್ಕ್. ಅಲ್ಲಿ ಬೀಗರು ಬೀಗರಷ್ಟೇ ಮಾತಾಡಿಕೊಳ್ಳುತ್ತಾರೆ, ಮನೆಯವರಿಗೂ ಕೇಳದು. ಅಳಿಯ ಇದನ್ನು ಹೇಳುವಾಗ ನನಗೆ ನೆನಪಾದದ್ದು ಸಿಂಧನೂರು ಸುತ್ತಿನ ಆರ್‌ಎಚ್ ಕ್ಯಾಂಪುಗಳು. ಅಂದಿನ ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರಕಾರ ಜಾಗ ಕೊಟ್ಟು ನೆಲೆಗೊಳಿಸಿದ ಊರುಗಳು. ಅಂಕಿಯೇ ಅವುಗಳ ಹೆಸರು. ಒಳಗೆ ಬಂಗಾಳಿ, ದುರ್ಗಾಪೂಜೆ, ಮೀನಿನ ಸಾರು. ಬಜಾರಿಗೆ ಬಂದರೆ ನನಗಿಂತ ಖಡಕ್ಕಾದ ಸಿಂಧನೂರು ಕನ್ನಡ. ಕಾಲುವೆಯ ನೀರು ಬಂದಾಗ ಆಂಧ್ರದಿಂದ ಬಂದು ಭತ್ತ ಬಿತ್ತಿದವರ ಕ್ಯಾಂಪುಗಳದೂ ಇದೇ ಕಥೆ, ಅಲ್ಲಿ ತೆಲುಗು. ಒಂದು ವರ್ಚುವಲ್ ಯಂತ್ರಕ್ಕೂ ಹೀಗೆ ಎರಡು ಕಾರ್ಡು ಕೊಡಬಹುದಂತೆ: ಒಂದು ತಮ್ಮವರೊಡನೆ ಮಾತಿಗೆ, ಇನ್ನೊಂದು ಹೊರಗಿನ ವ್ಯವಹಾರಕ್ಕೆ. ಶಾಲೆಯಲ್ಲಿ ‘ಹೋಗುತ್ತಿದ್ದೇನೆ’ ಎಂದು ಕಲಿಸಿ ಮನೆಯಲ್ಲಿ ‘ಹೊಂಟೀನಿ’ ಎನ್ನುವ ನನಗೂ ಎರಡು ಕಾರ್ಡು.

ಒಳಬಾಗಿಲು ತೆರೆದರೂ ಕೆಲಸ ಕೂಡಲೇ ಆಗಲಿಲ್ಲ. ಎಕ್ಸ್‌ಪಿ ಕಡತ ಹಂಚಿಕೊಳ್ಳುವುದು ಆ ಬಿರುಕಿನ ಹಳೆಯ ಭಾಷೆಯಲ್ಲೇ. ಹೊಸ ವಿಂಡೋಸಿಗೆ ಆ ಭಾಷೆ ಆಡಬಾರದೆಂದು ಕಂಪನಿಯ ಅಪ್ಪಣೆಯಾಗಿದೆ. ಎದುರೆದುರು ಕೂತ ಬೀಗರು ಮಾತಿಲ್ಲದೆ ಸೂರು ನೋಡುತ್ತಿದ್ದರು. ಅಳಿಯ ಎಫ್‌ಟಿಪಿ ಎಂಬ ಇಬ್ಬರಿಗೂ ಬರುವ ಇನ್ನೂ ಹಳೆಯ ಭಾಷೆಯನ್ನು ಹೂಡಿದ. ಕಪ್ಪು ಪರದೆಯಲ್ಲಿ ನಾಲ್ಕು ಸಾಲು ಬಡಿದ. ಇನ್ನೂರು ಪುಟ ಒಂದು ಉಸಿರಿನಲ್ಲಿ ಪಡಸಾಲೆಗೆ ಬಂದವು.

ಇಷ್ಟಾದ ಮೇಲೆ ಚಹಾ ಕುಡಿಯುತ್ತ ಅವನೆಂದ: “ಖರೇ ಹೇಳ್ಬೇಕಂದ್ರ ಮಾಮಾ, ಶೇರ್ಡ್ ಫೋಲ್ಡರ್ ಅಂತ ಒಂದೈತಿ. ನೆಟ್‌ವರ್ಕ್ ಇಲ್ದನ ಆಗ್ತಿತ್ತು.”

“ಹಂಗಾದ್ರ ಇಷ್ಟೆಲ್ಲಾ ಯಾಕೋ?”

“ನೀವು ಮಾಸ್ತರು. ಕಲಿಸ್ಬೇಕು ಅನ್ನಿಸ್ತು.”

ಕಲಿತದ್ದು ವ್ಯರ್ಥವಾಗಲಿಲ್ಲ. ಮರುವಾರ ಪಹಣಿಗೆಂದು ಒಂದು ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ಕಿಟಕಿಯ ಹುಡುಗ “ಸರ್ವರ್ ಇಲ್ರಿ, ನಾಳಿ ಬರ್ರಿ” ಎಂದ. ನನ್ನ ಮುಂದಿದ್ದ ಹಿರಿಯರೊಬ್ಬರು ಹೆಗಲ ವಲ್ಲಿ ಸರಿಪಡಿಸಿಕೊಂಡು, “ಸರ್ವರ್ ಯಾವ ಊರಾಗ ಇರ್ತೈತಪಾ? ನಾನ ಹೋಗಿ ಮಾತಾಡ್ಸಿಕೊಂಡು ಬರ್ತೀನಿ,” ಎಂದರು. ಎಲ್ಲರೂ ನಕ್ಕರು, ನಾನು ನಗಲಿಲ್ಲ. ಬಹಳ ಸರಿಯಾದ ಪ್ರಶ್ನೆ ಅದು. ಈಗಿನ ದತ್ತಾಂಶ ಕೇಂದ್ರಗಳಲ್ಲಿ ‘ಸರ್ವರ್’ ಎಂದರೆ ಬಹುಮಟ್ಟಿಗೆ ನನ್ನ ಎಕ್ಸ್‌ಪಿಯಂಥ ಬಾಡಿಗೆ ಕೂಸು. ಒಂದು ಕಬ್ಬಿಣದ ಯಂತ್ರದೊಳಗೆ ಹತ್ತಾರು ಮಂದಿ. ಇಂದು ಈ ಕಬ್ಬಿಣದಲ್ಲಿ, ನಾಳೆ ಅದು ಕೆಟ್ಟರೆ ಪಕ್ಕದ್ದರಲ್ಲಿ. ಹೆಸರು, ವಿಳಾಸ ಜೊತೆಗೇ ಹೋಗುತ್ತವೆ. ಹೋಗಿ ಭೇಟಿಯಾಗುತ್ತೇನೆಂದರೆ ಮನೆ ಸಿಕ್ಕೀತು, ಆಸಾಮಿ ಸಿಗಲಾರ.

ಹತ್ತಾರು ಮಂದಿಯಿದ್ದರೂ ಕಬ್ಬಿಣಕ್ಕೆ ಹೊರಹೋಗುವ ತಂತಿ ಒಂದೋ ಎರಡೋ. ಅದರ ಪಾಡನ್ನು ಸಿಂಧನೂರಿನವರಿಗೆ ವಿವರಿಸಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಮೇಲಿನವರು ತೂಬು ಪೂರ್ತಿ ಎತ್ತಿದರೆ ಕೊನೆಯ ಭಾಗದ ಹೊಲ ಬಿರಿಯುತ್ತದೆ. ಒಳಗೊಬ್ಬ ಬೀಗ ಸಿನಿಮಾ ಇಳಿಸುತ್ತ ಕೂತರೆ ಇನ್ನೊಬ್ಬನ ಪಹಣಿ ಬಾರದು. ಅದಕ್ಕೆ ಇಲ್ಲದ ಸ್ವಿಚ್ಚಿನಲ್ಲೂ ಇವನಿಗಿಷ್ಟು, ಅವನಿಗಿಷ್ಟು ಎಂದು ಗೇಟು ಇಡುತ್ತಾರೆ. ನಮ್ಮ ಕಾಲುವೆಯ ಗೇಟಿಗೆ ರಾತ್ರಿ ಕಾವಲು ಬೇಕು. ಆ ಗೇಟಿಗೆ ಬೇಡ.

ಕಂಪ್ಯೂಟರ್ ಜಾಲವೆಂದರೆ ತಂತಿ, ಪೆಟ್ಟಿಗೆ, ಮಿಣುಕುವ ದೀಪ ಎಂದು ನಾನು ತಿಳಿದಿದ್ದೆ. ತಂತಿಯೇ ಇಲ್ಲದ ಈ ಜಾಲ ನೋಡಿದ ಮೇಲೆ ಗೊತ್ತಾಯಿತು, ಇದು ಮನೆವಾರ್ತೆ: ಯಾರು ಯಾರನ್ನು ಕರೆಯಬಹುದು, ಯಾವ ಹೆಸರಿನಿಂದ, ಯಾವ ಬಾಗಿಲಿನಿಂದ. ಅಜ್ಜಿ ಇದನ್ನು ಓದು ಬರಹವಿಲ್ಲದೆ ನಡೆಸಿದಳು.

ಈಗ ಎಕ್ಸ್‌ಪಿಯನ್ನು ಹೀಗಿಟ್ಟಿದ್ದೇನೆ. ಅದರ ಜಾಲದ ಪುಟದಲ್ಲಿ ‘ಕೇಬಲ್ ಕನೆಕ್ಟೆಡ್’ ಎಂಬ ಸಣ್ಣ ಚೌಕ, ಅದರೊಳಗೆ ಸರಿ ಗುರುತು. ಕೇಬಲ್ಲೇ ಇಲ್ಲ, ಆದರೂ ಕಿತ್ತುಹಾಕಲು ಚೌಕವಿದೆ. ಗುರುತು ತೆಗೆದೆ, ಒಳಗೆ ಎಕ್ಸ್‌ಪಿ ‘ಕೇಬಲ್ಲು ಕಳಚಿದೆ’ ಎಂದು ಮೂಲೆಯಲ್ಲಿ ಕೆಂಪು ಇಂಟು ಗುರುತು ತೋರಿಸಿ ಮುಖ ಸಣ್ಣ ಮಾಡಿತು. ಪಾಪ ಅನಿಸಿತಾದರೂ ವಯಸ್ಸಾದವರು ಬೀದಿ ಸುತ್ತುವುದಕ್ಕಿಂತ ಕೋಣೆಯಲ್ಲಿ ಹಂತಿ ಹಾಡು ಓದಿಕೊಂಡಿರುವುದು ಲೇಸು. ನನ್ನ ಹೆಂಡತಿ ನನಗೂ ಅದನ್ನೇ ಹೇಳುತ್ತಾಳೆ.

ನಿಮ್ಮ ಬೀರುವಿನಲ್ಲೂ ಹಳೆಯ ನುಡಿಯದೋ ಬರಹ ತಂತ್ರಾಂಶದ್ದೋ ಕಡತ ತುಂಬಿದ ಡಿಸ್ಕೊಂದು ಬಟ್ಟೆಯಡಿ ಮಲಗಿದ್ದರೆ ಈ ಬೇಸಿಗೆ ಬರುವುದರೊಳಗೆ ಹೊರತೆಗೆಯಿರಿ. ಅಕ್ಕಪಕ್ಕದಲ್ಲಿ ಯಾರದಾದರೂ ಅಳಿಯ ಇದ್ದೇ ಇರುತ್ತಾನೆ. ಶೇರ್ಡ್ ಫೋಲ್ಡರಿನ ಮಾತನ್ನು ಮಾತ್ರ ಮೊದಲೇ ಕೇಳಿಬಿಡಿ.